ವೈರ್‌ಶಾರ್ಕ್: ನೆಟ್‌ವರ್ಕ್ ಅಪ್ಲಿಕೇಶನ್ ಬರೆಯುವವರಿಗೆ ಇದು ಎಷ್ಟು ಉಪಯುಕ್ತ?

ಸರ್ವರ್ ಜತೆ ಸಂಪರ್ಕ ಇಟ್ಟುಕೊಂಡು ಕೆಲಸ ಮಾಡುವ ಡೆಸ್ಕ್‌ಟಾಪ್ ಅಪ್ಲಿಕೇಶನ್ ಕೈಕೊಟ್ಟಾಗ ಅದನ್ನು ಬರೆದವರಿಗೆ ಸಿಗುವ ಸುಳಿವು ಬಹುತೇಕ ಒಂದೇ ಸಾಲಿನದು. ವಿಂಡೋಸ್‌ನಲ್ಲಾದರೆ 10054, 10060, 10061 ಎಂಬಂಥ ಸಂಖ್ಯೆ; ಲಿನಕ್ಸ್‌ನಲ್ಲಾದರೆ ಅದೇ ಕ್ರಮದಲ್ಲಿ 104, 110, 111. ನಾವು ಬಳಸುವ ಲೈಬ್ರರಿಗಳು ಆ ಸಂಖ್ಯೆಯನ್ನೂ ಮುಚ್ಚಿಟ್ಟು ‘ಸಂಪರ್ಕ ವಿಫಲವಾಗಿದೆ’ ಎಂದಷ್ಟೇ ತೋರಿಸುವುದುಂಟು. ಅಲ್ಲಿಂದ ಮುಂದೆ ನಡೆಯುವುದು ವಾದ: ತಪ್ಪು ಕ್ಲೈಂಟ್‌ನದು ಎಂದು ಸರ್ವರ್ ನೋಡಿಕೊಳ್ಳುವವರು, ಸರ್ವರ್‌ನದು ಎಂದು ಕ್ಲೈಂಟ್ ಬರೆದವರು, ತಮ್ಮ ಕಡೆ ಎಲ್ಲವೂ ಸರಿಯಾಗಿದೆ ಎಂದು ನೆಟ್‌ವರ್ಕ್ ವಿಭಾಗದವರು. ಈ ವಾದವನ್ನು ಊಹೆಯಿಂದ ಬಿಡಿಸಿ ಸಾಕ್ಷ್ಯದ ಮೇಲೆ ನಿಲ್ಲಿಸುವ ಸಾಧನವೆಂದು ನಾನು ನಂಬಿರುವುದು ನೆಟ್‌ವರ್ಕ್‌ನಲ್ಲಿ ಓಡಾಡುವ ಮಾಹಿತಿಯನ್ನು ಸೆರೆಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶವನ್ನು. ನೆಟ್‌ವರ್ಕ್ ಎಂಜಿನಿಯರ್‌ಗಳು ಇದನ್ನು ಬಹುಕಾಲದಿಂದ ಬಲ್ಲರು. ಅಪ್ಲಿಕೇಶನ್ ಬರೆಯುವವರು ಮಾತ್ರ ಇದು ತಮ್ಮ ಸಾಧನವಲ್ಲವೆಂದು ದೂರವಿಡುತ್ತಾರೆ. ಆದ್ದರಿಂದ ಈ ವಿಮರ್ಶೆಯನ್ನು ಅಪ್ಲಿಕೇಶನ್ ಬರೆಯುವವರ ಕಡೆಯಿಂದಲೇ ಮಾಡುತ್ತಿದ್ದೇನೆ.

ಜೆರಾಲ್ಡ್ ಕೋಂಬ್ಸ್ ಅವರು 1998ರಲ್ಲಿ ‘ಈಥೀರಿಯಲ್’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದ ತಂತ್ರಾಂಶವಿದು. ಅವರು ಕೆಲಸ ಬದಲಿಸಿದಾಗ ಹಳೆಯ ಹೆಸರಿನ ಟ್ರೇಡ್‌ಮಾರ್ಕ್ ಜತೆಗೆ ಬರಲಿಲ್ಲವಾದ್ದರಿಂದ 2006ರಲ್ಲಿ ಯೋಜನೆ ವೈರ್‌ಶಾರ್ಕ್ ಎಂಬ ಹೆಸರು ಪಡೆಯಿತು. 1.0 ಆವೃತ್ತಿ ಬಂದದ್ದು 2008ರಲ್ಲಿ, 2015ರ 2.0 ಆವೃತ್ತಿಯಲ್ಲಿ ಪರದೆಯ ವಿನ್ಯಾಸವನ್ನು ಕ್ಯೂಟಿ ಎಂಬ ಲೈಬ್ರರಿ ಬಳಸಿ ಹೊಸದಾಗಿ ಬರೆದರು, 4.0 ಆವೃತ್ತಿ 2022ರಲ್ಲಿ ಬಂತು. ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶವಾದ್ದರಿಂದ ಕಾಸು ಕೊಡಬೇಕಾಗಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇಷ್ಟು ವರ್ಷ ನಿಲ್ಲದೆ ಬೆಳೆದುಬಂದಿರುವುದರಿಂದ ಇದು ಓದಿ ಅರ್ಥಮಾಡಿಕೊಳ್ಳಬಲ್ಲ ಪ್ರೋಟೋಕಾಲ್‌ಗಳ (ಯಂತ್ರಗಳು ಮಾತಾಡಿಕೊಳ್ಳುವ ನಿಯಮಗಳ) ಸಂಖ್ಯೆ ಸಾವಿರಗಳನ್ನು ಮುಟ್ಟಿದೆ.

ಕೆಲಸದ ತತ್ವ ಸರಳವಾಗಿದೆ. ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ಮೂಲಕ ಹೋಗುವ, ಬರುವ ಪ್ರತಿಯೊಂದು ಪ್ಯಾಕೆಟ್‌ನ, ಅಂದರೆ ಮಾಹಿತಿಯ ತುಂಡಿನ, ಪ್ರತಿಯನ್ನು ವೈರ್‌ಶಾರ್ಕ್ ಸೆರೆಹಿಡಿದು, ಅದನ್ನು ಪದರ ಪದರವಾಗಿ ಬಿಡಿಸಿ ತೋರಿಸುತ್ತದೆ. ಪರದೆಯಲ್ಲಿ ಪ್ಯಾಕೆಟ್‌ಗಳ ಪಟ್ಟಿ, ಆಯ್ದ ಪ್ಯಾಕೆಟ್‌ನ ವಿವರ ಮತ್ತು ಅದರ ಮೂಲ ಬೈಟ್‌ಗಳು ಹೀಗೆ ಮೂರು ಭಾಗಗಳಿರುತ್ತವೆ. ವಿವರದಲ್ಲಿ ಒಂದು ಅಂಶವನ್ನು ಒತ್ತಿದರೆ ಅದಕ್ಕೆ ಸೇರಿದ ಬೈಟ್‌ಗಳು ಎದ್ದು ಕಾಣುತ್ತವೆ. ‘ಫಾಲೋ ಸ್ಟ್ರೀಮ್’ ಎಂಬ ಆಯ್ಕೆ ಒಂದು ಸಂಪರ್ಕದ ಪೂರ್ತಿ ಸಂಭಾಷಣೆಯನ್ನು ಜೋಡಿಸಿ, ಕ್ಲೈಂಟ್ ಕಳಿಸಿದ್ದನ್ನು ಕೆಂಪಿನಲ್ಲಿ, ಸರ್ವರ್ ಕಳಿಸಿದ್ದನ್ನು ನೀಲಿಯಲ್ಲಿ ತೋರಿಸುತ್ತದೆ. ಮೊದಲ ಬಾರಿ ಬಳಸುವವರು ಇಲ್ಲಿಂದಲೇ ಆರಂಭಿಸಬೇಕು ಎಂಬುದು ನನ್ನ ಸಲಹೆ, ಏಕೆಂದರೆ ತಮ್ಮದೇ ಅಪ್ಲಿಕೇಶನ್ ನಿಜವಾಗಿ ಏನು ಕಳಿಸುತ್ತಿದೆ ಎಂಬುದನ್ನು ಬಹುಪಾಲು ಜನ ಕಾಣುವುದು ಆಗಲೇ.

ಈಗ ದೋಷಗಳ ವಿಷಯಕ್ಕೆ ಬರೋಣ. ಸಂಪರ್ಕವೇ ಆಗದಿದ್ದಾಗ ಪ್ಯಾಕೆಟ್ ಪಟ್ಟಿಯ ಮೊದಲ ಕೆಲವು ಸಾಲುಗಳು ಸಾಕು. ಸಂಪರ್ಕ ಕೋರುವ ಕ್ಲೈಂಟ್‌ನ ಸಿನ್ ಪ್ಯಾಕೆಟ್‌ಗೆ ತಕ್ಷಣ ರೀಸೆಟ್, ಅಂದರೆ ಸಂಪರ್ಕ ಮುರಿಯುವ ಪ್ಯಾಕೆಟ್, ಬಂದರೆ ಆ ಯಂತ್ರ ಬದುಕಿದೆ, ಆದರೆ ಆ ಪೋರ್ಟ್‌ನಲ್ಲಿ (ಸೇವೆಯನ್ನು ಗುರುತಿಸುವ ಸಂಖ್ಯೆಯಲ್ಲಿ) ಯಾರೂ ಕಾಯುತ್ತಿಲ್ಲ ಎಂದು ಬಹುತೇಕ ಹೇಳಬಹುದು. ಸೇವೆ ಶುರುವಾಗಿಲ್ಲ ಅಥವಾ ಬೇರೆ ಪೋರ್ಟ್‌ನಲ್ಲಿದೆ. ಸಿನ್ ಪ್ಯಾಕೆಟ್ ಹೋಗಿ, ಉತ್ತರವಿಲ್ಲದೆ, ಸುಮಾರು 1 ಸೆಕೆಂಡಿನ ನಂತರ ಮತ್ತೆ ಹೋಗಿ, ಆಮೇಲೆ ಅಂತರ ಹಿಗ್ಗುತ್ತಾ ಮತ್ತೆ ಮತ್ತೆ ಹೋಗುತ್ತಿದ್ದರೆ ನಡುವೆ ಯಾವುದೋ ಫೈರ್‌ವಾಲ್ ಅದನ್ನು ಸದ್ದಿಲ್ಲದೆ ನುಂಗುತ್ತಿದೆ, ಇಲ್ಲವೇ ವಿಳಾಸವೇ ತಪ್ಪಿದೆ. ಬಳಕೆದಾರರ ಕಣ್ಣಿಗೆ ಎರಡೂ ‘ಕನೆಕ್ಟ್ ಆಗುತ್ತಿಲ್ಲ’ ಎಂಬ ಒಂದೇ ದೂರು, ಆದರೆ ಮೊದಲನೆಯದನ್ನು ಸರ್ವರ್ ನೋಡಿಕೊಳ್ಳುವವರು ಸರಿಪಡಿಸಬೇಕು, ಎರಡನೆಯದನ್ನು ನೆಟ್‌ವರ್ಕ್‌ನವರು. ದೂರು ಯಾರ ಮೇಜಿಗೆ ಹೋಗಬೇಕು ಎಂಬುದು ಕೆಲವೇ ನಿಮಿಷಗಳಲ್ಲಿ ತೀರ್ಮಾನವಾಗುವುದು ಸಣ್ಣ ಲಾಭವಲ್ಲ.

ಇದೇ ಜಾತಿಯ ಇನ್ನೊಂದು ತೊಂದರೆ ವಿಂಡೋಸ್‌ನಲ್ಲಿ ಹೆಚ್ಚು ಕಾಣುತ್ತದೆ. ಅಪ್ಲಿಕೇಶನ್ ತನ್ನದೇ ಯಂತ್ರವನ್ನು ಸೂಚಿಸುವ ‘ಲೋಕಲ್‌ಹೋಸ್ಟ್’ ಎಂಬ ಹೆಸರಿನಿಂದ ಸಂಪರ್ಕಿಸುತ್ತದೆ, ಕೆಲಸವೂ ನಡೆಯುತ್ತದೆ, ಆದರೆ ಪ್ರತಿ ಬಾರಿಯೂ ಒಂದೆರಡು ಸೆಕೆಂಡು ತಡ. ಸೆರೆಹಿಡಿದು ನೋಡಿದರೆ ಕಾರಣ ಸ್ಪಷ್ಟ: ಆ ಹೆಸರು ಮೊದಲು ಐಪಿ 6ನೇ ಆವೃತ್ತಿಯ ವಿಳಾಸಕ್ಕೆ ತಿರುಗುತ್ತದೆ, ಸರ್ವರ್ ಮಾತ್ರ 4ನೇ ಆವೃತ್ತಿಯಲ್ಲಷ್ಟೇ ಕಾಯುತ್ತಿರುತ್ತದೆ, ರೀಸೆಟ್ ಬಂದ ಮೇಲೂ ವಿಂಡೋಸ್ ಪಟ್ಟು ಬಿಡದೆ ಕೆಲವು ಬಾರಿ ಪ್ರಯತ್ನಿಸಿ ನಂತರವೇ 127.0.0.1 ವಿಳಾಸಕ್ಕೆ ಹೊರಳುತ್ತದೆ. ಕೋಡ್ ಎಷ್ಟು ಓದಿದರೂ ಈ ವಿಳಂಬ ಸಿಗುವುದಿಲ್ಲ, ಏಕೆಂದರೆ ಅದು ಕೋಡ್‌ನಲ್ಲಿ ಇಲ್ಲ.

ನನ್ನ ಅನುಭವದಲ್ಲಿ ಅತಿ ಹೆಚ್ಚು ಸಮಯ ತಿನ್ನುವ ದೋಷ ಬೇರೆಯದೇ. ಇಂಥ ಸಂಪರ್ಕಗಳು ಬಳಸುವ ಟಿಸಿಪಿ ಪ್ರೋಟೋಕಾಲ್ ಎಂಬುದು ಬೈಟ್‌ಗಳ ಹರಿವು. ಅದಕ್ಕೆ ಸಂದೇಶದ ಗಡಿ ಗೊತ್ತಿಲ್ಲ. ಒಂದು ಕಡೆ ಒಮ್ಮೆ ಕಳಿಸಿದ್ದು ಇನ್ನೊಂದು ಕಡೆ ಒಮ್ಮೆಗೇ ಬರುತ್ತದೆಂದು ಭಾವಿಸಿ ಬರೆದ ಕೋಡ್ ತನ್ನದೇ ಯಂತ್ರದೊಳಗಿನ ಪರೀಕ್ಷೆಯಲ್ಲಿ ತಪ್ಪಿಲ್ಲದೆ ನಡೆಯುತ್ತದೆ, ಏಕೆಂದರೆ ಲಿನಕ್ಸ್‌ನ ಲೂಪ್‌ಬ್ಯಾಕ್‌ನಲ್ಲಿ (ಯಂತ್ರದೊಳಗೇ ಸುತ್ತುವ ಸಂಪರ್ಕದಲ್ಲಿ) ಒಂದು ಪ್ಯಾಕೆಟ್ 65,536 ಬೈಟ್‌ಗಳಷ್ಟು ದೊಡ್ಡದಿರಬಹುದು. ಅದೇ ಕೋಡ್ ಈಥರ್ನೆಟ್ ಮೇಲೆ ಹೋದಾಗ ಮಿತಿ 1,500. ಐಪಿ ಮತ್ತು ಟಿಸಿಪಿ ಶಿರೋಭಾಗಗಳಿಗೆ ತಲಾ 20 ಬೈಟ್ ಕಳೆದರೆ ಮಾಹಿತಿಗೆ ಉಳಿಯುವುದು ಹೆಚ್ಚೆಂದರೆ 1,460. ಹೀಗಾಗಿ 4,096 ಬೈಟ್‌ಗಳ ಒಂದು ಸಂದೇಶ 1,460, 1,460, 1,176 ಎಂದು ಮೂರು ಭಾಗವಾಗಿ ಹೋಗುತ್ತದೆ, ಮತ್ತು ಮೊದಲ ಭಾಗ ಬಂದೊಡನೆ ಪೂರ್ತಿ ಸಂದೇಶ ಸಿಕ್ಕಿತೆಂದು ತಿಳಿದು ಓದುವ ಅಪ್ಲಿಕೇಶನ್ ಒಮ್ಮೆ ಸರಿಯಾಗಿ, ಒಮ್ಮೆ ತಪ್ಪಾಗಿ ನಡೆದುಕೊಳ್ಳುತ್ತದೆ. ‘ಆಫೀಸಿನಲ್ಲಿ ಸರಿಯಿದೆ, ಗ್ರಾಹಕರ ಬಳಿ ಕೆಡುತ್ತದೆ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಪ್ಯಾಕೆಟ್ ಪಟ್ಟಿಯ ಉದ್ದದ ಕಾಲಮ್ಮನ್ನು ಒಮ್ಮೆ ಕಣ್ಣಾರೆ ನೋಡಿದ ಹೊಸ ಪ್ರೋಗ್ರಾಮರ್ ಮತ್ತೆ ಈ ತಪ್ಪು ಮಾಡುವುದು ಅಪರೂಪ. ಪಾಠ ಹೇಳಿ ತಿಳಿಸಲಾಗದ್ದನ್ನು ಆ ಒಂದು ಕಾಲಮ್ ತಿಳಿಸುತ್ತದೆ.

ಸಂದೇಶದ ಉದ್ದವನ್ನು ಮೊದಲು ಕಳಿಸಿ ನಂತರ ಸಂದೇಶ ಕಳಿಸುವುದು ಇದಕ್ಕೆ ವಾಡಿಕೆಯ ಪರಿಹಾರ. ಅಲ್ಲಿಯೂ ಎರಡು ಹೊಂಡಗಳಿವೆ, ಎರಡನ್ನೂ ವೈರ್‌ಶಾರ್ಕ್‌ನ ಬೈಟ್ ಭಾಗ ನೇರವಾಗಿ ತೋರಿಸುತ್ತದೆ. ಒಂದು, ಬೈಟ್‌ಗಳ ಕ್ರಮ: 256 ಎಂದು ಕಳಿಸಿದ ನಾಲ್ಕು ಬೈಟ್‌ಗಳ ಸಂಖ್ಯೆಯನ್ನು ಇನ್ನೊಂದು ಕಡೆ ಹಿಂದುಮುಂದಾಗಿ ಓದಿದರೆ 65,536 ಆಗುತ್ತದೆ, ಆಗ ಆ ಅಪ್ಲಿಕೇಶನ್ ಎಂದೂ ಬಾರದ ಬೈಟ್‌ಗಳಿಗಾಗಿ ಕಾಯುತ್ತಾ ಕೂರುತ್ತದೆ. ಇನ್ನೊಂದು ನಮ್ಮ ಭಾಷೆಯಲ್ಲಿ ಕೆಲಸ ಮಾಡುವವರನ್ನು ನೇರವಾಗಿ ತಟ್ಟುವಂಥದ್ದು. ಯುಟಿಎಫ್-8 ಸಂಕೇತೀಕರಣದಲ್ಲಿ ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ನಡುವಿನ ಹಲಂತ ಚಿಹ್ನೆಯೂ ಸೇರಿ 5 ಸಂಕೇತಗಳಿವೆ, ಅಂದರೆ 15 ಬೈಟ್. ಉದ್ದವನ್ನು ಅಕ್ಷರಗಳ ಲೆಕ್ಕದಲ್ಲಿ 5 ಎಂದು ಕಳಿಸುವ ಕೋಡ್ ಇಂಗ್ಲಿಷ್ ಹೆಸರುಗಳೊಂದಿಗೆ ವರ್ಷಗಟ್ಟಲೆ ದೋಷವಿಲ್ಲದೆ ನಡೆದು, ಮೊದಲ ಕನ್ನಡ ಹೆಸರು ಬಂದ ದಿನ ಪದವನ್ನು ಎರಡನೆಯ ಅಕ್ಷರದ ನಡುವೆಯೇ ತುಂಡರಿಸುತ್ತದೆ, ಮಿಕ್ಕ 10 ಬೈಟ್‌ಗಳನ್ನು ಮುಂದಿನ ಸಂದೇಶದ ಆರಂಭವೆಂದು ತಪ್ಪಾಗಿ ಓದುತ್ತದೆ. ಕನ್ನಡ ತಂತ್ರಾಂಶ ಸರಿಯಿಲ್ಲ ಎಂಬ ಆರೋಪ ಫಾಂಟ್ ಮೇಲೆ ಬೀಳುವುದನ್ನು ಕಂಡಿದ್ದೇನೆ. ‘ಫಾಲೋ ಸ್ಟ್ರೀಮ್’ ಕಿಟಕಿಯಲ್ಲಿ ಯುಟಿಎಫ್-8 ಆಯ್ಕೆ ಮಾಡಿ ನೋಡಿದರೆ ಅಕ್ಷರಗಳು ಸರಿಯಾಗಿಯೇ ಹೋಗಿವೆ, ಕೆಟ್ಟಿರುವುದು ಉದ್ದದ ಲೆಕ್ಕ ಎಂಬುದು ತಿಳಿಯುತ್ತದೆ.

ಡೆಸ್ಕ್‌ಟಾಪ್ ಅಪ್ಲಿಕೇಶನ್‌ಗಳಿಗೇ ವಿಶಿಷ್ಟವಾದ ಇನ್ನೊಂದು ರೋಗವನ್ನು ಪತ್ತೆಹಚ್ಚುವುದರಲ್ಲಿ ಈ ಸಾಧನಕ್ಕೆ ಸಾಟಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ದೊಡ್ಡ ವರದಿಯೊಂದನ್ನು ತೆರೆದಾಗ ಪರದೆ ಸ್ತಬ್ಧವಾಗುತ್ತದೆ, ‘ಸರ್ವರ್ ನಿಧಾನ’ ಎಂದು ಬಳಕೆದಾರರು ದೂರುತ್ತಾರೆ. ಟಿಸಿಪಿಯಲ್ಲಿ ಪ್ರತಿ ಕಡೆಯೂ ತಾನು ಇನ್ನೆಷ್ಟು ಬೈಟ್ ಹಿಡಿದಿಟ್ಟುಕೊಳ್ಳಬಲ್ಲೆ ಎಂಬುದನ್ನು ‘ವಿಂಡೋ’ ಎಂಬ ಸಂಖ್ಯೆಯ ಮೂಲಕ ಎದುರಿನವರಿಗೆ ಹೇಳುತ್ತಲೇ ಇರುತ್ತದೆ. ಸಾಕೆಟ್ (ಸಂಪರ್ಕದ ತುದಿ) ಓದುವ ಕೆಲಸವನ್ನೂ ಪರದೆ ಚಿತ್ರಿಸುವ ಕೆಲಸವನ್ನೂ ಪ್ರೋಗ್ರಾಂನ ಒಂದೇ ಥ್ರೆಡ್ (ಕೆಲಸದ ಎಳೆ) ಮಾಡುತ್ತಿದ್ದರೆ, ಅದು ಚಿತ್ರಿಸುವುದರಲ್ಲಿ ಮುಳುಗಿರುವಾಗ ಬಂದ ಬೈಟ್‌ಗಳನ್ನು ಓದುವವರಿಲ್ಲದೆ ಆ ಸಂಖ್ಯೆ ಇಳಿಯುತ್ತಾ ಸೊನ್ನೆಯಾಗುತ್ತದೆ, ಸರ್ವರ್ ನಿಯಮದ ಪ್ರಕಾರ ಕಳಿಸುವುದನ್ನು ನಿಲ್ಲಿಸುತ್ತದೆ. ವೈರ್‌ಶಾರ್ಕ್ ಇಂಥ ಪ್ಯಾಕೆಟ್‌ಗಳಿಗೆ ‘ಜೀರೋ ವಿಂಡೋ’ ಎಂದು ತಾನಾಗಿಯೇ ಗುರುತು ಹಾಕಿ, ಕಪ್ಪು ಹಿನ್ನೆಲೆಯಲ್ಲಿ ಎದ್ದು ಕಾಣುವಂತೆ ಮಾಡುತ್ತದೆ. ಆ ಗುರುತು ಕ್ಲೈಂಟ್ ಕಡೆಯಿಂದ ಹೊರಟಿದ್ದರೆ ನಿಧಾನವಾಗಿರುವುದು ಸರ್ವರ್ ಅಲ್ಲ, ನಮ್ಮದೇ ಅಪ್ಲಿಕೇಶನ್. ಇದಕ್ಕಿಂತ ನಿರ್ವಿವಾದವಾದ ಪುರಾವೆ ಯಾವ ಲಾಗ್ ಕಡತದಲ್ಲೂ ಸಿಗುವುದಿಲ್ಲ.

ಪ್ಯಾಕೆಟ್‌ಗಳ ನಡುವಿನ ಸಮಯವೂ ಬಹಳಷ್ಟನ್ನು ಹೇಳುತ್ತದೆ. ಪ್ರತಿ ವಿನಂತಿಗೂ ಸುಮಾರು 40 ಮಿಲಿಸೆಕೆಂಡ್ ಅಥವಾ 200 ಮಿಲಿಸೆಕೆಂಡ್ ತಡವಾಗುತ್ತಿದ್ದು, ಆ ಅಂತರ ಯಾವಾಗಲೂ ಒಂದೇ ಆಗಿದ್ದರೆ, ಅದು ಸರ್ವರ್‌ನ ಲೆಕ್ಕಾಚಾರದ ಸಮಯವಲ್ಲ ಎಂದು ಮೊದಲು ಶಂಕಿಸಬೇಕು. ಸಣ್ಣ ಪ್ಯಾಕೆಟ್‌ಗಳ ದಟ್ಟಣೆ ತಪ್ಪಿಸಲು ಜಾನ್ ನೇಗಲ್ 1984ರಲ್ಲಿ ಮುಂದಿಟ್ಟ ನಿಯಮದಂತೆ, ಹಿಂದೆ ಕಳಿಸಿದ್ದಕ್ಕೆ ಸ್ವೀಕೃತಿ ಬರುವ ತನಕ ಕಳಿಸುವ ಕಡೆ ಇನ್ನೊಂದು ಸಣ್ಣ ತುಂಡನ್ನು ತಡೆಹಿಡಿಯುತ್ತದೆ. ಪಡೆಯುವ ಕಡೆ ಸ್ವೀಕೃತಿಯನ್ನು ಉತ್ತರದ ಜತೆಗೇ ಕಳಿಸಬಹುದೆಂದು ಸ್ವಲ್ಪ ಕಾಯುತ್ತದೆ. ಆ ಕಾಯುವಿಕೆ ಲಿನಕ್ಸ್‌ನಲ್ಲಿ 40, ವಿಂಡೋಸ್‌ನ ಹಳೆಯ ವಾಡಿಕೆಯಲ್ಲಿ 200 ಮಿಲಿಸೆಕೆಂಡ್. ಶಿರೋಭಾಗವನ್ನು ಒಮ್ಮೆ, ವಿಷಯವನ್ನು ಇನ್ನೊಮ್ಮೆ ಬರೆಯುವ ಅಪ್ಲಿಕೇಶನ್‌ನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ನಿಲ್ಲುತ್ತಾರೆ. ಟಿಸಿಪಿಯ ‘ನೋ ಡಿಲೇ’ (TCP_NODELAY) ಆಯ್ಕೆ ಹಾಕಿದರೆ ತಡ ಹೋಗುತ್ತದೆ, ಆದರೆ ಎರಡನ್ನೂ ಒಟ್ಟುಗೂಡಿಸಿ ಒಂದೇ ಸಲ ಬರೆಯುವುದೇ ಸರಿಯಾದ ಪರಿಹಾರ. ಹಿಂದಿನ ಪ್ಯಾಕೆಟ್‌ನಿಂದ ಎಷ್ಟು ಸಮಯ ಕಳೆಯಿತು ಎಂಬ ಕಾಲಮ್ಮನ್ನು ಪ್ರತಿ ಸಂಪರ್ಕಕ್ಕೂ ಬೇರೆಯಾಗಿ ಲೆಕ್ಕವಾಗುವಂತೆ ಸೇರಿಸಿಕೊಳ್ಳುವುದು ಒಳ್ಳೆಯದು. ಮೊದಲೇ ಇರುವ ವಿನ್ಯಾಸದಲ್ಲಿ ಅದು ಇಲ್ಲದಿರುವುದು ಒಂದು ಕೊರತೆಯೇ.

ಮಧ್ಯಾಹ್ನದ ಊಟ ಮುಗಿಸಿ ಬಂದ ಮೇಲೆ ಅಪ್ಲಿಕೇಶನ್ ಮೊದಲ ಕ್ಲಿಕ್‌ಗೆ ಸ್ಪಂದಿಸದಿರುವ ದೂರನ್ನೂ ಇದೇ ರೀತಿ ಬಿಡಿಸಬಹುದು. ಸುಮ್ಮನಿರುವ ಸಂಪರ್ಕವನ್ನು ನಡುವಿನ ಸಾಧನಗಳು ಮರೆತುಬಿಡುತ್ತವೆ: ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ ಅಜೂರ್‌ನ ಲೋಡ್ ಬ್ಯಾಲೆನ್ಸರ್ (ಸಂಪರ್ಕಗಳನ್ನು ಸರ್ವರ್‌ಗಳಿಗೆ ಹಂಚುವ ಸಾಧನ) ಬೇರೆ ಹೊಂದಿಕೆ ಮಾಡದಿದ್ದರೆ 4 ನಿಮಿಷಕ್ಕೆ, ಅಮೆಜಾನ್‌ನ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರ್ 350 ಸೆಕೆಂಡಿಗೆ. ಸಂಪರ್ಕ ಜೀವಂತವಾಗಿದೆಯೇ ಎಂದು ವಿಚಾರಿಸುವ ಟಿಸಿಪಿಯ ‘ಕೀಪ್‌ಅಲೈವ್’ ವ್ಯವಸ್ಥೆಯನ್ನು ನಾವೇ ಚಾಲೂ ಮಾಡಬೇಕು, ಮಾಡಿದರೂ ಅದರ ಮೂಲ ಅವಧಿ 2 ಗಂಟೆ. ಎರಡೂ ತುದಿಗಳು ಸಂಪರ್ಕ ಇದೆ ಎಂದೇ ನಂಬಿರುವಾಗ ಹೊರಟ ಪ್ಯಾಕೆಟ್‌ಗೆ ಸ್ವೀಕೃತಿ ಬಾರದೆ, ಅದು ಮತ್ತೆ ಮತ್ತೆ ಹೋಗುತ್ತಿರುವುದು ಅಥವಾ ಥಟ್ಟನೆ ರೀಸೆಟ್ ಬರುವುದು ಪಟ್ಟಿಯಲ್ಲಿ ಕಾಣುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದೇ ಕಡೆ ಸೆರೆಹಿಡಿದದ್ದು ಅರ್ಧ ಸಾಕ್ಷ್ಯ ಮಾತ್ರ. ಕ್ಲೈಂಟ್‌ನಿಂದ ಹೊರಟದ್ದು ಸರ್ವರ್‌ಗೆ ತಲುಪಿತೇ, ಆ ರೀಸೆಟ್ ನಿಜವಾಗಿ ಸರ್ವರ್ ಕಳಿಸಿದ್ದೇ ಅಥವಾ ನಡುವಿನವರು ಅದರ ಹೆಸರಿನಲ್ಲಿ ಕಳಿಸಿದ್ದೇ ಎಂಬುದು ಎರಡೂ ತುದಿಗಳಲ್ಲಿ ಏಕಕಾಲಕ್ಕೆ ಸೆರೆಹಿಡಿದು ಹೋಲಿಸಿದಾಗಲೇ ಖಚಿತವಾಗುತ್ತದೆ.

ಹೊಗಳಿಕೆ ಇಷ್ಟಾದ ಮೇಲೆ ತೊಡಕುಗಳನ್ನೂ ಮುಚ್ಚಿಡದೆ ಹೇಳಬೇಕು. ಮೊದಲನೆಯದು, ಎರಡು ಬಗೆಯ ಫಿಲ್ಟರ್‌ಗಳು. ಏನನ್ನು ಸೆರೆಹಿಡಿಯಬೇಕು ಎಂದು ಹೇಳುವ ಫಿಲ್ಟರ್‌ನ ಬರವಣಿಗೆ ಒಂದು ರೀತಿ, ಸೆರೆಹಿಡಿದದ್ದರಲ್ಲಿ ಏನನ್ನು ತೋರಿಸಬೇಕು ಎನ್ನುವ ಫಿಲ್ಟರ್‌ನದು ಇನ್ನೊಂದು ರೀತಿ. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಹಾಕಿ ಕೆಂಪು ಪೆಟ್ಟಿಗೆ ನೋಡುತ್ತಾ ಕುಳಿತವರು ಎಷ್ಟೋ ಜನ. ಇದಕ್ಕೆ ಐತಿಹಾಸಿಕ ಕಾರಣವಿದೆಯಾದರೂ ಹೊಸಬರಿಗೆ ಅದರಿಂದ ಸಮಾಧಾನ ಸಿಗದು. ‘ಸಮವಲ್ಲ’ ಎಂಬ ಚಿಹ್ನೆಯ ಅರ್ಥವೂ 3.6 ಆವೃತ್ತಿಯಲ್ಲಿ ಬದಲಾಗಿ ಸಹಜವಾದ ಅರ್ಥಕ್ಕೆ ಬಂದಿರುವುದರಿಂದ, ಹಳೆಯ ಟಿಪ್ಪಣಿಗಳನ್ನು ನೋಡಿ ಕಲಿಯುವವರು ತಮ್ಮ ಆವೃತ್ತಿಯನ್ನು ಗಮನಿಸಬೇಕು.

ಎರಡನೆಯದಾಗಿ, ವೈರ್‌ಶಾರ್ಕ್ ತೋರಿಸುವುದು ಆಪರೇಟಿಂಗ್ ಸಿಸ್ಟಂ ಅದಕ್ಕೆ ಕೊಟ್ಟದ್ದನ್ನು. ಈಗಿನ ನೆಟ್‌ವರ್ಕ್ ಕಾರ್ಡ್‌ಗಳು ಚೆಕ್‌ಸಮ್ (ಮಾಹಿತಿ ಕೆಟ್ಟಿಲ್ಲವೆಂದು ಪರೀಕ್ಷಿಸುವ ಸಂಖ್ಯೆ) ಲೆಕ್ಕವನ್ನೂ ದೊಡ್ಡ ತುಂಡುಗಳನ್ನು ಕತ್ತರಿಸುವ ಕೆಲಸವನ್ನೂ ತಾವೇ ವಹಿಸಿಕೊಳ್ಳುವುದರಿಂದ, ಕಳಿಸುವ ಯಂತ್ರದಲ್ಲೇ ಸೆರೆಹಿಡಿದಾಗ 1,500ಕ್ಕಿಂತ ಬಹಳ ದೊಡ್ಡ ಪ್ಯಾಕೆಟ್‌ಗಳು ಕಾಣಬಹುದು, ಚೆಕ್‌ಸಮ್ ತಪ್ಪೆಂದೂ ತೋರಬಹುದು. ಮೇಲೆ ಹೇಳಿದ 1,460ರ ಲೆಕ್ಕವನ್ನು ಕಣ್ಣಾರೆ ಕಾಣಬೇಕಾದರೆ ಕಾರ್ಡಿನ ಆ ಸೌಲಭ್ಯವನ್ನು ನಿಲ್ಲಿಸಬೇಕಾದೀತು. ಟಿಸಿಪಿ ಚೆಕ್‌ಸಮ್ ಪರಿಶೀಲನೆಯನ್ನು ವೈರ್‌ಶಾರ್ಕ್ ಮೊದಲಿನಿಂದಲೇ ನಿಲ್ಲಿಸಿಟ್ಟಿರುವುದು ಈ ಗೊಂದಲ ತಪ್ಪಿಸಲೆಂದೇ, ಅದು ಸರಿಯಾದ ನಿರ್ಧಾರ.

ಮೂರನೆಯದು ಗೂಢಲಿಪೀಕರಣ. ಇಂದು ಬಹುತೇಕ ಸಂಪರ್ಕಗಳು ಟಿಎಲ್‌ಎಸ್ ಎಂಬ ಗೂಢಲಿಪೀಕರಣ ಪ್ರೋಟೋಕಾಲ್ ಒಳಗೆ ಅಡಗಿರುತ್ತವೆ. ಹ್ಯಾಂಡ್‌ಶೇಕ್ (ಆರಂಭದ ಪರಸ್ಪರ ಒಪ್ಪಂದ) ಎಲ್ಲಿ ಮುರಿಯಿತು, ಯಾವ ಆವೃತ್ತಿಗೆ ಒಪ್ಪಿಗೆಯಾಗಲಿಲ್ಲ, ಎಷ್ಟು ತಡವಾಯಿತು ಎಂಬುದು ಆಗಲೂ ತಿಳಿಯುತ್ತದೆ, ಒಳಗಿನ ವಿಷಯ ಮಾತ್ರ ತಿಳಿಯದು. ಕ್ರೋಮ್, ಫೈರ್‌ಫಾಕ್ಸ್, ಪೈಥಾನ್‌ನ 3.8 ಮತ್ತು ನಂತರದ ಆವೃತ್ತಿಗಳು ತಮ್ಮ ಕೀಲಿಗಳನ್ನು ಒಂದು ಕಡತಕ್ಕೆ ಬರೆದಿಡಬಲ್ಲವು. ಆ ಕಡತವನ್ನು ವೈರ್‌ಶಾರ್ಕ್‌ಗೆ ಕೊಟ್ಟರೆ ಒಳಗಿನದ್ದೆಲ್ಲವೂ ಓದಲು ಬರುತ್ತದೆ. ವಿಂಡೋಸ್‌ನ ಸ್ವಂತ ಟಿಎಲ್‌ಎಸ್ ವ್ಯವಸ್ಥೆಯನ್ನು ಬಳಸುವ ಡಾಟ್‌ನೆಟ್ ಅಪ್ಲಿಕೇಶನ್‌ಗಳಲ್ಲಿ ಇಷ್ಟು ಸುಲಭದ ದಾರಿಯಿಲ್ಲ. ಸರ್ವರ್‌ನ ಖಾಸಗಿ ಕೀಲಿ ಕೊಟ್ಟು ಬಿಡಿಸುವ ಹಳೆಯ ವಿಧಾನ 2018ರಲ್ಲಿ ಬಂದ ಟಿಎಲ್‌ಎಸ್ 1.3ರಲ್ಲಿ ನಡೆಯುವುದೇ ಇಲ್ಲ.

ನಾಲ್ಕನೆಯದು, ಡೆಸ್ಕ್‌ಟಾಪ್ ಪ್ರೋಗ್ರಾಮರ್‌ಗೆ ಹೆಚ್ಚು ಕಾಡುವಂಥದ್ದು: ಒಂದು ಪ್ಯಾಕೆಟ್ ಯಾವ ಪ್ರೋಗ್ರಾಂನಿಂದ ಹೊರಟಿತು ಎಂಬುದನ್ನು ಇದು ಸಾಮಾನ್ಯವಾಗಿ ಹೇಳುವುದಿಲ್ಲ. ಪೋರ್ಟ್ ಸಂಖ್ಯೆ ಹಿಡಿದು ನಾವೇ ಹುಡುಕಬೇಕು. ಈ ಕೊರತೆಯನ್ನು ವಿಂಡೋಸ್‌ನಲ್ಲಿ ತುಂಬುವುದು ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಆರಂಭಿಸಿದ, 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಸಿಸ್‌ಇಂಟರ್ನಲ್ಸ್ ಸಂಗ್ರಹದ ‘ಪ್ರೋಸೆಸ್ ಮಾನಿಟರ್’. ಅದು ಪ್ಯಾಕೆಟ್‌ನ ಒಳಗಣ್ಣಲ್ಲ, ಆದರೆ ಯಾವ ಪ್ರೋಗ್ರಾಂ ಯಾವ ಕಡತ, ಯಾವ ರಿಜಿಸ್ಟ್ರಿ ಕೀಲಿ, ಯಾವ ವಿಳಾಸವನ್ನು ಮುಟ್ಟಿತು, ಫಲಿತಾಂಶ ಏನಾಯಿತು ಎಂಬುದನ್ನು ಸಾಲುಸಾಲಾಗಿ ಹೇಳುತ್ತದೆ. ಅಪ್ಲಿಕೇಶನ್ ಸಂಪರ್ಕಿಸುತ್ತಿರುವುದು ನಾವು ತಿದ್ದಿದ ವಿಳಾಸಕ್ಕಲ್ಲ ಎಂದು ವೈರ್‌ಶಾರ್ಕ್ ತೋರಿಸಿದ ಮೇಲೆ, ಅದು ಹಳೆಯ ವಿಳಾಸವನ್ನು ಬೇರೊಂದು ಫೋಲ್ಡರಿನಲ್ಲಿ ಉಳಿದುಹೋದ ಕಾನ್ಫಿಗರೇಶನ್ ಕಡತದಿಂದ ಓದುತ್ತಿದೆ ಎಂಬುದನ್ನು ತೋರಿಸುವುದು ಪ್ರೋಸೆಸ್ ಮಾನಿಟರ್. ಇವೆರಡನ್ನೂ ಜೋಡಿಯಾಗಿ ಇಟ್ಟುಕೊಂಡವರಿಗೆ ವಿಂಡೋಸ್‌ನ ನೆಟ್‌ವರ್ಕ್ ಅಪ್ಲಿಕೇಶನ್‌ಗಳಲ್ಲಿ ಬಿಡಿಸಲಾಗದ ಗಂಟು ಕಡಿಮೆ.

ಕಡತ ನೂರಾರು ಮೆಗಾಬೈಟ್ ದಾಟಿದರೆ ವೈರ್‌ಶಾರ್ಕ್ ಭಾರವಾಗುತ್ತದೆ, ಮೆಮೊರಿಯನ್ನು ಧಾರಾಳವಾಗಿ ಬೇಡುತ್ತದೆ. ಅಪರೂಪಕ್ಕೆ ಕಾಣಿಸಿಕೊಳ್ಳುವ ದೋಷಕ್ಕಾಗಿ ದಿನವಿಡೀ ಕಾಯಬೇಕಾದಾಗ, ನಿಗದಿತ ಸಂಖ್ಯೆಯ ಕಡತಗಳನ್ನು ಸುತ್ತುಸುತ್ತಾಗಿ ಮೇಲೆಮೇಲೆ ಬರೆಯುವ ಏರ್ಪಾಡನ್ನು ಬಳಸಬೇಕು. ಜತೆಗೇ ಬರುವ ‘ಡಂಪ್‌ಕ್ಯಾಪ್’ ಎಂಬ ಪುಟ್ಟ ಪ್ರೋಗ್ರಾಂ ಇದನ್ನು ಪರದೆಯಿಲ್ಲದ ಸರ್ವರ್‌ನಲ್ಲೂ ಮಾಡುತ್ತದೆ. ವಿಂಡೋಸ್‌ನಲ್ಲಿ ಅನುಸ್ಥಾಪಿಸುವಾಗ ಪ್ಯಾಕೆಟ್ ಹಿಡಿದುಕೊಡುವ ‘ಎನ್‌ಪಿಕ್ಯಾಪ್’ ಡ್ರೈವರ್ ಅನ್ನೂ ಸೇರಿಸಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಿರಿ, ಲೂಪ್‌ಬ್ಯಾಕ್ ಪ್ಯಾಕೆಟ್‌ಗಳನ್ನು ಹಿಡಿಯುವುದು ಅದರಿಂದಲೇ ಸಾಧ್ಯ. ಲಿನಕ್ಸ್‌ನಲ್ಲಿ ಇಡೀ ವೈರ್‌ಶಾರ್ಕ್ ಅನ್ನು ರೂಟ್ ಬಳಕೆದಾರರಾಗಿ ನಡೆಸುವ ಅಭ್ಯಾಸ ಬೇಡ. ಸೆರೆಹಿಡಿಯುವ ಡಂಪ್‌ಕ್ಯಾಪ್‌ಗಷ್ಟೇ ಅಧಿಕಾರ ಕೊಟ್ಟರೆ ಸಾಕು, ಏಕೆಂದರೆ ಹೊರಗಿನಿಂದ ಬಂದ ಬೈಟ್‌ಗಳನ್ನು ಬಿಡಿಸಿ ಓದುವ ಲಕ್ಷಾಂತರ ಸಾಲುಗಳ ಕೋಡ್‌ಗೆ ಪೂರ್ಣ ಅಧಿಕಾರ ಕೊಡುವುದು ಅಪಾಯ.

ಸ್ವಂತ ಪ್ರೋಟೋಕಾಲ್ ಇಟ್ಟುಕೊಂಡವರಿಗೆ ಒಂದು ವಿಶೇಷ ಶಿಫಾರಸು ಇದೆ. ಲುವಾ ಭಾಷೆಯಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು ಫೋಲ್ಡರಿನಲ್ಲಿಟ್ಟರೆ, ವೈರ್‌ಶಾರ್ಕ್ ನಿಮ್ಮ ಸಂದೇಶಗಳನ್ನೂ ಅಂಶ ಅಂಶವಾಗಿ, ಹೆಸರು ಹಚ್ಚಿ ತೋರಿಸುತ್ತದೆ. ಆ ಹೆಸರುಗಳನ್ನು ಫಿಲ್ಟರ್‌ನಲ್ಲೂ ಬಳಸಬಹುದು. ಪ್ರೋಟೋಕಾಲ್ ವಿನ್ಯಾಸ ಮಾಡಿದ ವಾರವೇ ಈ ಸ್ಕ್ರಿಪ್ಟ್ ಬರೆದಿಡುವ ತಂಡಗಳಲ್ಲಿ ದೋಷ ಪತ್ತೆ ಎಷ್ಟು ಚುರುಕಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಈ ಸೌಲಭ್ಯಕ್ಕೆ ಸಿಗಬೇಕಾದ ಪ್ರಚಾರ ಸಿಕ್ಕಿಲ್ಲ.

ಕೊನೆಯದಾಗಿ ಅನುಮತಿಯ ಮಾತು. ಸೆರೆಹಿಡಿದ ಕಡತದಲ್ಲಿ ಪಾಸ್‌ವರ್ಡ್, ಗ್ರಾಹಕರ ಹೆಸರು, ಖಾತೆ ಸಂಖ್ಯೆ ಯಾವುದೂ ಇರಬಹುದು. ಆದ್ದರಿಂದ ಕಚೇರಿಯಲ್ಲಾಗಲಿ ಗ್ರಾಹಕರ ಬಳಿಯಾಗಲಿ ಸಂಬಂಧಪಟ್ಟವರ ಒಪ್ಪಿಗೆ ಪಡೆಯದೆ ಸೆರೆಹಿಡಿಯಬಾರದು, ಬೇಕಾದ ಪೋರ್ಟ್ ಒಂದನ್ನೇ ಹಿಡಿಯಬೇಕು. ಕಡತವನ್ನು ಇತರರಿಗೆ ಕಳಿಸುವ ಮುನ್ನ ವೈರ್‌ಶಾರ್ಕ್ ಜತೆಗೇ ಬರುವ ‘ಎಡಿಟ್‌ಕ್ಯಾಪ್’ ಪ್ರೋಗ್ರಾಂ ಬಳಸಿ ಪ್ರತಿ ಪ್ಯಾಕೆಟ್‌ನಲ್ಲಿ ಶಿರೋಭಾಗದ ಬೈಟ್‌ಗಳನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಕತ್ತರಿಸಬಹುದು. ಸಂಪರ್ಕ ನಿರಾಕರಣೆ, ವಿಳಂಬ, ಜೀರೋ ವಿಂಡೋ ಇವುಗಳ ಪರಿಶೀಲನೆಗೆ ಅಷ್ಟೇ ಸಾಕಾಗುತ್ತದೆ.